ಲಿನಕ್ಸ್ ಫೈಲ್ ಮ್ಯಾನೇಜರ್‌ಗಳ ಬಲಕ್ಲಿಕ್ ಮೆನು: ಬಳಕೆದಾರ ಕ್ರಿಯೆಗಳು

ಲಿನಕ್ಸ್ ಗಣಕಗಳ ಫೈಲ್ ಮ್ಯಾನೇಜರಿನಲ್ಲಿ ಕಡತ, ಫೋಲ್ಡರ್ ಅಥವಾ ಖಾಲಿ ಜಾಗದ ಮೇಲೆ ಬಲಕ್ಲಿಕ್ ಮಾಡಿದಾಗ ತೆರೆಯುವ ಮೆನುವಿಗೆ ಬಳಕೆದಾರರು ತಾವಾಗಿ ಸೇರಿಸಿಕೊಳ್ಳುವ ಆದೇಶಕ್ಕೆ ಬಳಕೆದಾರ ಕ್ರಿಯೆ ಎಂದು ಹೆಸರು. ಆಯ್ದ ಕಡತಗಳ ಹೆಸರನ್ನು ಫೈಲ್ ಮ್ಯಾನೇಜರು ಒಂದು ಕಮಾಂಡಿಗೋ ಸ್ಕ್ರಿಪ್ಟಿಗೋ ಒಪ್ಪಿಸುತ್ತದೆ. ಮುಂದಿನ ಕೆಲಸವೆಲ್ಲ ಅದರದ್ದು. ಫೋಟೊಗಳ ಅಳತೆ ಇಳಿಸುವುದು, ಹಲವು ಪಿಡಿಎಫ್‌ಗಳನ್ನು ಒಂದಾಗಿ ಜೋಡಿಸುವುದು, ಡೌನ್‌ಲೋಡ್ ಆದ ಕಡತ ಕೆಡದೆ ಬಂದಿದೆಯೇ ಎಂದು ತಾಳೆ ನೋಡುವುದು ಮುಂತಾಗಿ ಟರ್ಮಿನಲ್ಲಿನಲ್ಲಿ ಬರೆದು ಮಾಡಬೇಕಾದ ಕೆಲಸಗಳು ಈ ಮಾರ್ಗದಿಂದ ಮೌಸಿನ ಕೈಗೆ ಸಿಗುತ್ತವೆ.

ಈ ಸೌಲಭ್ಯಕ್ಕೆ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಹೆಸರಿದೆ. ಥುನಾರ್ ಇದನ್ನು ಕಸ್ಟಮ್ ಆಕ್ಷನ್ ಎನ್ನುತ್ತದೆ, ನೆಮೊ ಬರೀ ಆಕ್ಷನ್ ಎನ್ನುತ್ತದೆ, ಡಾಲ್ಫಿನ್ ಸರ್ವಿಸ್ ಮೆನು ಎನ್ನುತ್ತದೆ, ನಾಟಿಲಸ್ ಸ್ಕ್ರಿಪ್ಟ್ ಎನ್ನುತ್ತದೆ. ‘ಇದರೊಂದಿಗೆ ತೆರೆ’ ಎಂಬ ಪಟ್ಟಿ ಮತ್ತು ಟೆಂಪ್ಲೇಟ್ಸ್ ಫೋಲ್ಡರಿನಿಂದ ಮೂಡುವ ‘ಹೊಸ ದಸ್ತಾವೇಜು’ ಪಟ್ಟಿ ಇದೇ ಮೆನುವಿನಲ್ಲಿ ಕಾಣಿಸಿದರೂ ಬಳಕೆದಾರ ಕ್ರಿಯೆಗಳಲ್ಲ. ಮೊದಲನೆಯದು ಕಡತವನ್ನು ಒಂದು ಅನ್ವಯದಲ್ಲಿ ತೆರೆಯುತ್ತದೆ; ಎರಡನೆಯದು ಸಿದ್ಧ ಮಾದರಿಯ ನಕಲು ಮಾಡುತ್ತದೆ. ಈ ಲೇಖನದಲ್ಲಿ ಫೋಲ್ಡರ್‌ಗಳ ವಿಳಾಸ, ಕೀಲಿಪದ, ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಗಣಕದಲ್ಲಿ ಅವನ್ನು ರೋಮನ್ ಲಿಪಿಯಲ್ಲೇ ಬರೆಯಬೇಕು.

ಹಿನ್ನೆಲೆ

ಒತ್ತಿದ ಜಾಗಕ್ಕೆ ತಕ್ಕ ಮೆನು ಅಲ್ಲೇ ಮೂಡುವ ಪದ್ಧತಿ 1970ರ ದಶಕದಲ್ಲಿ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಸ್ಮಾಲ್‌ಟಾಕ್ ವ್ಯವಸ್ಥೆಯಲ್ಲಿ ರೂಪುಗೊಂಡಿತು. ಮನೆ, ಕಚೇರಿಗಳ ಗಣಕಗಳಲ್ಲಿ ಬಲಕ್ಲಿಕ್ ರೂಢಿಯಾದದ್ದು 1995ರ ವಿಂಡೋಸ್ 95ರ ನಂತರ. ಆದರೆ ಕಡತಗಳ ಮೆನುವಿಗೆ ಸ್ವಂತ ಆದೇಶ ಸೇರಿಸಿಕೊಳ್ಳುವ ಪರಿಪಾಠ ಮೌಸ್ ರೂಢಿಯಾಗುವ ಮೊದಲೇ ಕೀಲಿಮಣೆಯ ತಂತ್ರಾಂಶಗಳಲ್ಲಿ ಇತ್ತು. ಡಾಸ್ ಕಾಲದ ನಾರ್ಟನ್ ಕಮಾಂಡರಿನಲ್ಲಿ ಎಫ್2 ಕೀಲಿ ಒತ್ತಿದರೆ ಬಳಕೆದಾರರೇ ಬರೆದುಕೊಂಡ ಮೆನು ತೆರೆಯುತ್ತಿತ್ತು. 1994ರಲ್ಲಿ ಮಿಗೆಲ್ ಡಿ ಇಕಾಜಾ ಆರಂಭಿಸಿದ ಮಿಡ್‌ನೈಟ್ ಕಮಾಂಡರ್ ಅದೇ ಕೀಲಿಯನ್ನೂ ಅದೇ ಮೆನುವನ್ನೂ ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆ ತಂದಿತು. ಅದರ ಮೆನು ಕಡತದಲ್ಲಿ ಶೇಕಡಾ ಗುರುತಿನ ಮುಂದೆ ಎಫ್ ಬರೆದರೆ ಕರ್ಸರ್ ಇರುವ ಕಡತ, ಡಿ ಬರೆದರೆ ಸದ್ಯದ ಫೋಲ್ಡರ್, ಟಿ ಬರೆದರೆ ಗುರುತು ಹಾಕಿದ ಕಡತಗಳೆಲ್ಲ ಎಂದರ್ಥ. ಯಾವ ಬಗೆಯ ಕಡತಕ್ಕೆ ಯಾವ ಆದೇಶ ಕಾಣಬೇಕೆಂಬ ಷರತ್ತನ್ನೂ ಅಲ್ಲೇ ಬರೆಯಬಹುದಿತ್ತು. ಇಂದಿನ ಬಳಕೆದಾರ ಕ್ರಿಯೆಗಳ ಮುಖ್ಯ ಅಂಗಗಳೆಲ್ಲ ಆ ಅಕ್ಷರಪರದೆಯ ತಂತ್ರಾಂಶದಲ್ಲೇ ಇದ್ದವು.

1997ರಲ್ಲಿ ಆರಂಭವಾದ ಗ್ನೋಮ್ ಯೋಜನೆಯ ಮೊದಲ ಫೈಲ್ ಮ್ಯಾನೇಜರು ಮಿಡ್‌ನೈಟ್ ಕಮಾಂಡರಿನ ಚಿತ್ರರೂಪದ ಆವೃತ್ತಿಯೇ ಆಗಿತ್ತು. ಮೆಕಿಂಟಾಷ್ ತಂಡದಲ್ಲಿದ್ದ ಆ್ಯಂಡಿ ಹರ್ಟ್ಸ್‌ಫೆಲ್ಡ್ ಮೊದಲಾದವರು 1999ರಲ್ಲಿ ಕಟ್ಟಿದ ಈಜೆಲ್ ಎಂಬ ಸಂಸ್ಥೆ ಅದರ ಬದಲಿಗೆ ನಾಟಿಲಸ್ ಅನ್ನು ರೂಪಿಸಿತು. 2001ರ ಮಾರ್ಚಿನಲ್ಲಿ ನಾಟಿಲಸ್ 1.0 ಹೊರಬಂತು, ಅದೇ ವರ್ಷದ ಮೇ ತಿಂಗಳಲ್ಲಿ ಈಜೆಲ್ ಮುಚ್ಚಿತು. ತಂತ್ರಾಂಶ ಮುಕ್ತವಾಗಿದ್ದರಿಂದ ಗ್ನೋಮ್ ಸಮುದಾಯ ಅದನ್ನು ಮುಂದುವರಿಸಿತು. ಬಳಕೆದಾರರು ಒಂದು ಫೋಲ್ಡರಿನಲ್ಲಿಟ್ಟ ಸ್ಕ್ರಿಪ್ಟ್‌ಗಳನ್ನು ಬಲಕ್ಲಿಕ್ ಮೆನುವಿನಲ್ಲಿ ತೋರಿಸುವ ಸೌಲಭ್ಯ ನಾಟಿಲಸ್‌ನಿಂದಲೇ ಹೆಸರಾಯಿತು.

ಕೆಡಿಇ ಯೋಜನೆಯಲ್ಲಿ ಈ ಕೆಲಸ ಕಾಂಕ್ವೆರರ್‌ನಿಂದ ಆರಂಭವಾಯಿತು. 2000ದ ಅಕ್ಟೋಬರಿನಲ್ಲಿ ಕೆಡಿಇ 2ರ ಜೊತೆ ಬಂದ ಕಾಂಕ್ವೆರರ್ ಜಾಲ ವೀಕ್ಷಕವೂ ಹೌದು, ಫೈಲ್ ಮ್ಯಾನೇಜರೂ ಹೌದು. 2008ರ ಜನವರಿಯ ಕೆಡಿಇ 4.0ರಲ್ಲಿ ಕಡತಗಳ ಕೆಲಸ ಡಾಲ್ಫಿನ್‌ಗೆ ಹೋಯಿತಾದರೂ ಸರ್ವಿಸ್ ಮೆನುಗಳ ರಚನೆ ಕಾಂಕ್ವೆರರಿನದ್ದೇ ಉಳಿಯಿತು. ಎಕ್ಸ್‌ಎಫ್‌ಸಿಇ ಪರಿಸರಕ್ಕೆ ಬೆನೆಡಿಕ್ಟ್ ಮ್ಯೂರರ್ ಬರೆದ ಥುನಾರ್ 2007ರ ಜನವರಿಯ 4.4 ಆವೃತ್ತಿಯಲ್ಲಿ ಬಂತು. ಮುಂದೆ 2011ರಲ್ಲಿ ಗ್ನೋಮ್ 3 ಹಳೆಯ ವಿನ್ಯಾಸವನ್ನು ಬದಲಿಸಿದಾಗ ನಾಟಿಲಸ್ ಕವಲೊಡೆಯಿತು. ಗ್ನೋಮ್ 2ರ ರೂಪವನ್ನು ಉಳಿಸಿಕೊಂಡ ಮಾಟೆ ಪರಿಸರದ ಕವಲು ಕಾಹಾ. ಲಿನಕ್ಸ್ ಮಿಂಟ್ ತಂಡ 2012ರಲ್ಲಿ ನಾಟಿಲಸ್ 3.4ರಿಂದ ಬೇರ್ಪಡಿಸಿ ಬೆಳೆಸಿದ್ದು ನೆಮೊ.

ರಚನೆ

ಸಾಮಾನ್ಯವಾಗಿ ಬಳಕೆದಾರ ಕ್ರಿಯೆಯಲ್ಲಿ ಮೂರು ಅಂಗಗಳಿರುತ್ತವೆ: ಮೆನುವಿನಲ್ಲಿ ಕಾಣುವ ಹೆಸರು, ಯಾವಾಗ ಕಾಣಬೇಕೆಂಬ ಷರತ್ತು, ಒತ್ತಿದಾಗ ನಡೆಯಬೇಕಾದ ಕಮಾಂಡ್. ಹೆಸರಿನ ಜೊತೆ ಚಿತ್ರಸಂಕೇತ, ವಿವರಣೆ, ಕೀಲಿಮಣೆಯ ಶಾರ್ಟ್‌ಕಟ್ ಇರಬಹುದು.

ಷರತ್ತುಗಳಲ್ಲಿ ಹೆಚ್ಚು ಬಳಕೆಯಾಗುವುದು ಕಡತದ ಬಗೆ. ಹೆಸರಿನ ಕೊನೆಯ ವಿಸ್ತರಣೆಯನ್ನು ನೋಡಿ ಬಗೆ ಗೊತ್ತುಮಾಡುವುದು ಸರಳ ವಿಧಾನ. ಮೈಮ್ ಬಗೆಯನ್ನು ನೋಡುವುದು ಇನ್ನೊಂದು. ಇಮೇಜ್/ಜೆಪೆಗ್, ಅಪ್ಲಿಕೇಶನ್/ಪಿಡಿಎಫ್ ಎಂಬಂಥ ಈ ಜೋಡಿಪದಗಳನ್ನು ಗಣಕದಲ್ಲಿರುವ ಹಂಚಿಕೆಯ ದತ್ತಸಂಚಯವೊಂದು ಹೆಸರು, ಒಳಗಿನ ಬೈಟ್‌ಗಳು ಎರಡನ್ನೂ ನೋಡಿ ತೀರ್ಮಾನಿಸುತ್ತದೆ. ವಿಸ್ತರಣೆಯನ್ನು ದೊಡ್ಡಕ್ಷರದಲ್ಲಿ ಬರೆಯುವ ಕ್ಯಾಮೆರಾದ ಫೋಟೊಗಳ ವಿಷಯದಲ್ಲಿ ಮೈಮ್ ಷರತ್ತೇ ಹೆಚ್ಚು ನಂಬಿಕೆಗೆ ಅರ್ಹ. ಆಯ್ದ ಕಡತ ಒಂದೇ ಇರಬೇಕೇ, ಹಲವಿರಬಹುದೇ, ಏನೂ ಆಯ್ಕೆಯಾಗದೆ ಖಾಲಿ ಜಾಗವಿರಬೇಕೇ ಎಂಬುದು ಎರಡನೆಯ ಷರತ್ತು. ಕಡತ ಈ ಗಣಕದಲ್ಲೇ ಇದೆಯೇ ಅಥವಾ ಜಾಲದಾಚೆಯ ಸರ್ವರಿನಲ್ಲಿದೆಯೇ ಎಂಬುದು ಮೂರನೆಯದು.

ಕಮಾಂಡಿಗೆ ಕಡತಗಳ ಹೆಸರನ್ನು ಒಪ್ಪಿಸುವ ವಿಧಾನ ಎರಡು. ಒಂದರಲ್ಲಿ ಕಮಾಂಡಿನ ನಡುವೆ ಸ್ಥಾನಸೂಚಿಗಳನ್ನು, ಅಂದರೆ ಶೇಕಡಾ ಗುರುತು ಹೊತ್ತ ಅಕ್ಷರಗಳನ್ನು ಬರೆದಿಡಬೇಕು. ಒತ್ತಿದ ಕ್ಷಣ ಅವುಗಳ ಜಾಗದಲ್ಲಿ ನಿಜವಾದ ಹೆಸರುಗಳು ಕೂರುತ್ತವೆ. ಥುನಾರ್, ನೆಮೊ, ಡಾಲ್ಫಿನ್ ಈ ವಿಧಾನದವು. ಇನ್ನೊಂದರಲ್ಲಿ ಸ್ಕ್ರಿಪ್ಟಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಪಟ್ಟಿಯನ್ನು ತುಂಬಿ ಕೊಡಲಾಗುತ್ತದೆ. ಇದು ನಾಟಿಲಸ್‌ ಮತ್ತು ಅದರ ಕವಲುಗಳ ಸ್ಕ್ರಿಪ್ಟ್‌ಗಳ ದಾರಿ.

ಸ್ಥಾನಸೂಚಿಗಳ ಅಕ್ಷರಗಳು ಒಂದೇ ಆದರೂ ಅರ್ಥ ಎಲ್ಲೆಡೆ ಒಂದೇ ಅಲ್ಲ. ಥುನಾರಿನಲ್ಲಿ ಸಣ್ಣ ಎಫ್ ಎಂದರೆ ಆಯ್ದ ಮೊದಲ ಕಡತದ ಪೂರ್ಣ ವಿಳಾಸ. ನೆಮೊದಲ್ಲಿ ಅದೇ ಸಣ್ಣ ಎಫ್ ಮೊದಲ ಕಡತದ ಬರೀ ಹೆಸರನ್ನು ಕೊಡುತ್ತದೆ, ವಿಳಾಸವನ್ನಲ್ಲ. ದೊಡ್ಡ ಎಫ್ ಮಾತ್ರ ಎರಡರಲ್ಲೂ ಆಯ್ದ ಎಲ್ಲ ಕಡತಗಳ ವಿಳಾಸಗಳ ಪಟ್ಟಿ. ದೊಡ್ಡ ಯು ಬರೆದರೆ ಅದೇ ಪಟ್ಟಿ ಯುಆರ್‌ಐ ರೂಪದಲ್ಲಿ, ಅಂದರೆ ಜಾಲವಿಳಾಸದ ಮಾದರಿಯಲ್ಲಿ, ಬರುತ್ತದೆ. ನೆಮೊದಲ್ಲಿ ದೊಡ್ಡ ಪಿ ಎಂದರೆ ಸದ್ಯದ ಫೋಲ್ಡರಿನ ವಿಳಾಸ, ಸಣ್ಣ ಇ ಎಂದರೆ ವಿಸ್ತರಣೆ ಕಳೆದ ಹೆಸರು. ಥುನಾರಿನಲ್ಲಿ ಫೋಲ್ಡರಿಗೆ ಡಿ, ವಿಳಾಸವಿಲ್ಲದ ಹೆಸರಿಗೆ ಎನ್. ಒಂದು ಫೈಲ್ ಮ್ಯಾನೇಜರಿಗೆ ಬರೆದ ಕ್ರಿಯೆಯನ್ನು ಇನ್ನೊಂದಕ್ಕೆ ಹಾಗೆಯೇ ನಕಲು ಮಾಡಿದಾಗ ಕಡತ ಸಿಗಲಿಲ್ಲವೆಂಬ ದೋಷ ಬರುವುದಕ್ಕೆ ಬಹುಪಾಲು ಈ ಭೇದವೇ ಕಾರಣ.

ಬಗೆಗಳು

ನಾಟಿಲಸ್ ಸ್ಕ್ರಿಪ್ಟ್‌ಗಳು

ನಾಟಿಲಸ್‌ಗೆ 2012ರಿಂದ ಫೈಲ್ಸ್ ಎಂಬ ಹೆಸರಿದ್ದರೂ ತಂತ್ರಜ್ಞರ ಬಳಕೆಯಲ್ಲಿ ಹಳೆಯ ಹೆಸರೇ ಉಳಿದಿದೆ. ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಅಡಗಿರುವ .ಲೋಕಲ್/ಶೇರ್/ನಾಟಿಲಸ್/ಸ್ಕ್ರಿಪ್ಟ್ಸ್ ಎಂಬಲ್ಲಿ ಚಾಲನಾ ಅನುಮತಿ ಇರುವ ಯಾವುದೇ ಕಡತವನ್ನು ಇಟ್ಟರೆ ಸಾಕು, ಬಲಕ್ಲಿಕ್ ಮೆನುವಿನಲ್ಲಿ ‘ಸ್ಕ್ರಿಪ್ಟ್ಸ್’ ಎಂಬ ಉಪಮೆನು ಮೂಡಿ ಅದರೊಳಗೆ ಆ ಕಡತದ ಹೆಸರು ಕಾಣುತ್ತದೆ. ಒಳಗೆ ಫೋಲ್ಡರ್‌ಗಳನ್ನು ಮಾಡಿದರೆ ಅವು ಒಳಮೆನುಗಳಾಗುತ್ತವೆ. ಗ್ನೋಮ್ 2ರ ಕಾಲದಲ್ಲಿ ಈ ಜಾಗ .ಗ್ನೋಮ್2/ನಾಟಿಲಸ್-ಸ್ಕ್ರಿಪ್ಟ್ಸ್ ಆಗಿತ್ತು, ಹಳೆಯ ಕೈಪಿಡಿಗಳಲ್ಲಿ ಇಂದಿಗೂ ಅದೇ ವಿಳಾಸ ಸಿಗುತ್ತದೆ. ಸ್ಕ್ರಿಪ್ಟ್ ಬ್ಯಾಷ್, ಪೈಥಾನ್, ಪರ್ಲ್ ಯಾವುದರಲ್ಲಿದ್ದರೂ ಆದೀತು. ಮೊದಲ ಸಾಲಿನಲ್ಲಿ ಯಾವ ಭಾಷೆಯೆಂಬ ಸೂಚನೆ ಇರಬೇಕು.

ಆಯ್ದ ಕಡತಗಳ ವಿಳಾಸಗಳು ನಾಟಿಲಸ್_ಸ್ಕ್ರಿಪ್ಟ್_ಸೆಲೆಕ್ಟೆಡ್_ಫೈಲ್_ಪಾತ್ಸ್ ಎಂಬ ವೇರಿಯಬಲ್‌ನಲ್ಲಿ ಸಾಲಿಗೊಂದರಂತೆ ಬರುತ್ತವೆ. ಅವುಗಳ ಯುಆರ್‌ಐ ರೂಪ, ಸದ್ಯದ ಫೋಲ್ಡರಿನ ಯುಆರ್‌ಐ, ಕಿಟಕಿಯ ಸ್ಥಾನ ಮತ್ತು ಅಳತೆ ಇವಕ್ಕೆ ಬೇರೆ ಬೇರೆ ವೇರಿಯಬಲ್‌ಗಳಿವೆ. ಕಡತಗಳ ಹೆಸರುಗಳು ಸಾಮಾನ್ಯ ಆರ್ಗ್ಯುಮೆಂಟ್‌ಗಳಾಗಿಯೂ ಸಿಗುತ್ತವೆ. ಆದರೆ ಜಾಲದಾಚೆಯ ಫೋಲ್ಡರಿನಲ್ಲಿದ್ದಾಗ ಅವು ಬರುವುದಿಲ್ಲ. ಸ್ಕ್ರಿಪ್ಟ್‌ಗಳಿಗೆ ಶಾರ್ಟ್‌ಕಟ್ ಕೊಡಲು .ಕಾನ್ಫಿಗ್/ನಾಟಿಲಸ್ ಒಳಗೆ ಸ್ಕ್ರಿಪ್ಟ್ಸ್-ಆ್ಯಕ್ಸೆಲ್ಸ್ ಎಂಬ ಕಡತದಲ್ಲಿ ಸಾಲಿಗೊಂದರಂತೆ ಕೀಲಿಯನ್ನೂ ಸ್ಕ್ರಿಪ್ಟಿನ ಹೆಸರನ್ನೂ ಬರೆಯಬೇಕು.

ಈ ವಿಧಾನದಲ್ಲಿ ಷರತ್ತಿಗೆ ಜಾಗವೇ ಇಲ್ಲ. ಪಿಡಿಎಫ್ ಜೋಡಿಸುವ ಸ್ಕ್ರಿಪ್ಟ್ ಹಾಡಿನ ಕಡತದ ಮೇಲೂ ಕಾಣುತ್ತದೆ. ಬಗೆ ಸರಿಯಿಲ್ಲದಿದ್ದರೆ ಹಿಂದೆ ಸರಿಯುವ ಹೊಣೆ ಸ್ಕ್ರಿಪ್ಟಿನದು. ಕಲಿಯುವವರಿಗೆ ಇದಕ್ಕಿಂತ ಸುಲಭವಾದ ದಾರಿ ಇಲ್ಲ, ಆದರೆ ಸ್ಕ್ರಿಪ್ಟ್‌ಗಳು ಹೆಚ್ಚಿದಂತೆ ಉಪಮೆನು ಉದ್ದವಾಗುತ್ತ ಹೋಗುತ್ತದೆ. ಕಾಹಾದಲ್ಲಿ ಫೋಲ್ಡರ್ .ಕಾನ್ಫಿಗ್/ಕಾಹಾ/ಸ್ಕ್ರಿಪ್ಟ್ಸ್, ವೇರಿಯಬಲ್‌ಗಳ ಹೆಸರು ಕಾಹಾ ಎಂದು ಆರಂಭವಾಗುತ್ತದೆ. ನೆಮೊ ಕೂಡ ತನ್ನದೇ ಹೆಸರಿನ ವೇರಿಯಬಲ್‌ಗಳೊಂದಿಗೆ ಈ ಪದ್ಧತಿಯನ್ನು ಉಳಿಸಿಕೊಂಡಿದೆ.

ನಾಟಿಲಸ್ ವಿಸ್ತರಣೆಗಳು

ಷರತ್ತು ಬೇಕೆನ್ನುವವರಿಗೆ ನಾಟಿಲಸ್-ಪೈಥಾನ್ ಎಂಬ ಸೇತುವೆ ಇದೆ. ಪೈಥಾನಿನಲ್ಲಿ ಬರೆದ ಒಂದು ಕ್ಲಾಸ್ ಅನ್ನು .ಲೋಕಲ್/ಶೇರ್/ನಾಟಿಲಸ್-ಪೈಥಾನ್/ಎಕ್ಸ್‌ಟೆನ್ಶನ್ಸ್ ಒಳಗೆ ಇಟ್ಟರೆ, ಮೆನು ತೆರೆಯುವಾಗ ನಾಟಿಲಸ್ ಅದನ್ನು ಕರೆದು, ಆಯ್ದ ಕಡತಗಳನ್ನು ತೋರಿಸಿ, ಯಾವ ಸಾಲುಗಳನ್ನು ಸೇರಿಸಬೇಕೆಂದು ಕೇಳುತ್ತದೆ. ಆಯ್ದ ಕಡತಗಳಿಗೆ ಒಂದು ಮೆಥಡ್, ಖಾಲಿ ಜಾಗಕ್ಕೆ ಇನ್ನೊಂದು. ವಿಸ್ತರಣೆಯು ನಾಟಿಲಸ್‌ನ ಪ್ರಕ್ರಿಯೆಯೊಳಗೇ ಓಡುವುದರಿಂದ ಅದು ನಿಧಾನಿಸಿದರೆ ಮೆನು ತೆರೆಯುವುದೂ ನಿಧಾನವಾಗುತ್ತದೆ. ಹೊಸ ವಿಸ್ತರಣೆ ಕಾಣಬೇಕಾದರೆ ನಾಟಿಲಸ್ ಅನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಸ್ಕ್ರಿಪ್ಟ್‌ಗಳಿಗೆ ಆ ಅಗತ್ಯವಿಲ್ಲ.

ನೆಮೊ ಆಕ್ಷನ್‌ಗಳು

ನೆಮೊದಲ್ಲಿ ಪ್ರತಿ ಕ್ರಿಯೆಗೂ ನೆಮೊ_ಆಕ್ಷನ್ ಎಂಬ ವಿಸ್ತರಣೆಯ ಒಂದು ಪಠ್ಯ ಕಡತ. ಅದರ ಜಾಗ .ಲೋಕಲ್/ಶೇರ್/ನೆಮೊ/ಆಕ್ಷನ್ಸ್. ಆವರಣದಲ್ಲಿ ನೆಮೊ ಆಕ್ಷನ್ ಎಂಬ ತಲೆಸಾಲು. ಅದರ ಕೆಳಗೆ ನೇಮ್, ಕಾಮೆಂಟ್, ಎಕ್ಸೆಕ್, ಐಕಾನ್-ನೇಮ್, ಸೆಲೆಕ್ಷನ್, ಎಕ್ಸ್‌ಟೆನ್ಶನ್ಸ್, ಮೈಮ್‌ಟೈಪ್ಸ್ ಮೊದಲಾದ ಕೀಲಿಪದಗಳು. ಸೆಲೆಕ್ಷನ್‌ಗೆ ಎಸ್ ಎಂದು ಕೊಟ್ಟರೆ ಒಂದೇ ಕಡತ, ಎಂ ಎಂದರೆ ಹಲವು, ನನ್ ಎಂದರೆ ಖಾಲಿ ಜಾಗ. ನೇರವಾಗಿ ಸಂಖ್ಯೆಯನ್ನೂ ಬರೆಯಬಹುದು. ಎರಡು ಕಡತಗಳನ್ನು ಹೋಲಿಸುವ ಕ್ರಿಯೆಗೆ 2 ಎಂದು ಬರೆದರೆ ಸರಿಯಾಗಿ ಎರಡನ್ನು ಆಯ್ದಾಗ ಮಾತ್ರ ಅದು ಕಾಣುತ್ತದೆ.

ಡಿಪೆಂಡೆನ್ಸೀಸ್ ಎಂಬ ಕೀಲಿಪದ ಬಹಳ ಉಪಯುಕ್ತ. ಅಲ್ಲಿ ಹೆಸರಿಸಿದ ತಂತ್ರಾಂಶ ಗಣಕದಲ್ಲಿ ಇಲ್ಲದಿದ್ದರೆ ಕ್ರಿಯೆ ಕಾಣುವುದೇ ಇಲ್ಲ. ಒತ್ತಿದರೂ ಏನೂ ಆಗದ ಸಾಲುಗಳಿಂದ ಮೆನು ತುಂಬುವುದು ಇದರಿಂದ ತಪ್ಪುತ್ತದೆ. ಕಂಡೀಶನ್ಸ್ ಎಂಬುದರಲ್ಲಿ ಡೆಸ್ಕ್‌ಟಾಪ್ ಮೇಲೆ ಮಾತ್ರ, ತೆಗೆಯಬಹುದಾದ ಡ್ರೈವ್‌ಗಳ ಮೇಲೆ ಮಾತ್ರ ಎಂಬ ನಿಬಂಧನೆಗಳನ್ನು ಹಾಕಬಹುದು. ಒಂದು ಪರೀಕ್ಷಾ ಕಮಾಂಡ್ ಓಡಿಸಿ ಅದು ಯಶಸ್ವಿಯಾದರೆ ಮಾತ್ರ ತೋರಿಸು ಎಂದೂ ಹೇಳಬಹುದು. ಎಕ್ಸೆಕ್ ಸಾಲನ್ನು ಕೋನಾವರಣದೊಳಗೆ ಬರೆದರೆ ಅದರಲ್ಲಿರುವ ಸ್ಕ್ರಿಪ್ಟನ್ನು ಆಕ್ಷನ್ಸ್ ಫೋಲ್ಡರಿನಲ್ಲೇ ಹುಡುಕಲಾಗುತ್ತದೆ. ಕ್ರಿಯೆಯನ್ನೂ ಅದರ ಸ್ಕ್ರಿಪ್ಟನ್ನೂ ಒಟ್ಟಿಗೆ ಹಂಚಲು ಇದು ಅನುಕೂಲ.

ಥುನಾರ್ ಕಸ್ಟಮ್ ಆಕ್ಷನ್‌ಗಳು

ಪಠ್ಯ ಕಡತ ಬರೆಯದೆ ಕ್ರಿಯೆ ಸೇರಿಸಲು ಥುನಾರ್ ಮೊದಲಿನಿಂದಲೂ ಒಂದು ಸಂವಾದ ಕಿಟಕಿ ಒದಗಿಸಿದೆ. ಎಡಿಟ್ ಮೆನುವಿನ ‘ಕನ್ಫಿಗರ್ ಕಸ್ಟಮ್ ಆಕ್ಷನ್ಸ್’ ಒತ್ತಿದರೆ ಅದು ತೆರೆಯುತ್ತದೆ. ಮೊದಲ ಪುಟದಲ್ಲಿ ಹೆಸರು, ವಿವರಣೆ, ಕಮಾಂಡ್, ಚಿತ್ರಸಂಕೇತ. ಎರಡನೆಯದರಲ್ಲಿ ಹೆಸರಿನ ನಮೂನೆ ಮತ್ತು ಫೋಲ್ಡರ್, ಚಿತ್ರ, ಧ್ವನಿ, ವಿಡಿಯೊ, ಪಠ್ಯ, ಇತರ ಎಂಬ ಆಯ್ಕೆ ಚೌಕಗಳು. ಬರೆದದ್ದೆಲ್ಲ .ಕಾನ್ಫಿಗ್/ಥುನಾರ್ ಒಳಗಿನ ಯುಸಿಎ.ಎಕ್ಸ್‌ಎಂಎಲ್ ಎಂಬ ಒಂದೇ ಕಡತದಲ್ಲಿ ಉಳಿಯುತ್ತದೆ. ಹೊಸ ಗಣಕಕ್ಕೆ ಹೋದಾಗ ಆ ಒಂದು ಕಡತವನ್ನು ನಕಲು ಮಾಡಿದರೆ ಎಲ್ಲ ಕ್ರಿಯೆಗಳೂ ಜೊತೆಗೆ ಬರುತ್ತವೆ. ಥುನಾರಿನೊಂದಿಗೇ ಬರುವ ‘ಇಲ್ಲಿ ಟರ್ಮಿನಲ್ ತೆರೆ’ ಎಂಬ ಸಾಲು ಕೂಡ ಇದೇ ವಿಧಾನದಲ್ಲಿ ಬರೆದ ಮಾದರಿ ಕ್ರಿಯೆ. ಅದನ್ನು ತೆರೆದು ನೋಡಿ ಕಲಿಯಬಹುದು, ತಿದ್ದಬಹುದು, ಅಳಿಸಲೂಬಹುದು.

ಡಾಲ್ಫಿನ್ ಸರ್ವಿಸ್ ಮೆನುಗಳು

ಕೆಡಿಇ ಸರ್ವಿಸ್ ಮೆನು ಒಂದು ಡೆಸ್ಕ್‌ಟಾಪ್ ಕಡತ, ಅಂದರೆ ಅನ್ವಯಗಳ ಪಟ್ಟಿಗೆ ಬಳಸುವ ರೂಪದ್ದೇ. ಮೊದಲ ವಿಭಾಗದಲ್ಲಿ ಟೈಪ್ ಸರ್ವಿಸ್ ಎಂದೂ, ಮೈಮ್ ಬಗೆಗಳನ್ನೂ, ಆಕ್ಷನ್ಸ್ ಎಂಬಲ್ಲಿ ಕ್ರಿಯೆಗಳ ಒಳಹೆಸರುಗಳನ್ನೂ ಬರೆಯಬೇಕು. ಬಳಿಕ ಪ್ರತಿ ಒಳಹೆಸರಿಗೂ ಡೆಸ್ಕ್‌ಟಾಪ್ ಆಕ್ಷನ್ ಎಂಬ ಪ್ರತ್ಯೇಕ ವಿಭಾಗ. ಹೀಗಾಗಿ ಒಂದೇ ಕಡತದಲ್ಲಿ ಸಂಬಂಧಪಟ್ಟ ಹಲವು ಕ್ರಿಯೆಗಳನ್ನು ಸೇರಿಸಬಹುದು. ಎಕ್ಸ್-ಕೆಡಿಇ ಎಂದು ಆರಂಭವಾಗುವ ಕೀಲಿಪದಗಳಿಂದ ಉಪಮೆನುವಿನ ಹೆಸರು, ಮೇಲ್ಮಟ್ಟದಲ್ಲಿ ತೋರಿಸುವ ಆದ್ಯತೆ, ಆಯ್ದ ಕಡತಗಳ ಕನಿಷ್ಠ ಹಾಗೂ ಗರಿಷ್ಠ ಸಂಖ್ಯೆಗಳನ್ನು ಗೊತ್ತುಮಾಡಬಹುದು.

ಈ ಕಡತಗಳ ಜಾಗ ಹಲವು ಸಲ ಬದಲಾಗಿದೆ. ಕೆಡಿಇ 4ರ ಕಾಲದಲ್ಲಿ ಅದು .ಕೆಡಿಇ ಫೋಲ್ಡರಿನೊಳಗಿತ್ತು, ಐದನೆಯ ಪೀಳಿಗೆಯಲ್ಲಿ .ಲೋಕಲ್/ಶೇರ್/ಕೆಸರ್ವಿಸಸ್5/ಸರ್ವಿಸ್‌ಮೆನೂಸ್ ಆಯಿತು, ಈಗ .ಲೋಕಲ್/ಶೇರ್/ಕೆಐಒ/ಸರ್ವಿಸ್‌ಮೆನೂಸ್. ಬಳಕೆದಾರರ ಫೋಲ್ಡರಿನಲ್ಲಿರುವ ಡೆಸ್ಕ್‌ಟಾಪ್ ಕಡತಕ್ಕೆ ಚಾಲನಾ ಅನುಮತಿ ಕೊಡುವುದೂ ಈಗ ಕಡ್ಡಾಯ. ಹಳೆಯ ಸರ್ವಿಸ್ ಮೆನು ಕಾಣದೆ ಹೋದಾಗ ಮೊದಲು ನೋಡಬೇಕಾದದ್ದು ಈ ಎರಡನ್ನು. ಡಾಲ್ಫಿನ್‌ನ ಸೆಟ್ಟಿಂಗ್‌ಗಳಲ್ಲಿ ಪ್ರತಿಯೊಂದನ್ನೂ ತೋರಿಸುವ, ಮರೆಮಾಡುವ ಚೌಕಗಳೂ, ಇತರರು ಬರೆದವನ್ನು ಕೆಡಿಇ ಸ್ಟೋರ್‌ನಿಂದ ಇಳಿಸಿಕೊಳ್ಳುವ ಗುಂಡಿಯೂ ಇವೆ.

ಇತರ

ಎಲಿಮೆಂಟರಿ ಓಎಸ್‌ನಲ್ಲಿ ಕಾಂಟ್ರಾಕ್ಟರ್ ಎಂಬ ಸೇವೆ ಇದೇ ಕೆಲಸವನ್ನು ಅನ್ವಯಗಳ ನಡುವಿನ ಸಂದೇಶ ವ್ಯವಸ್ಥೆಯಾದ ಡಿ-ಬಸ್ ಮೂಲಕ ಮಾಡುತ್ತದೆ. ಮೈಮ್ ಬಗೆ ಮತ್ತು ಕಮಾಂಡ್ ಬರೆದ ಕಡತವನ್ನು ಒಂದು ಕಡೆ ಇಟ್ಟರೆ ಫೈಲ್ ಮ್ಯಾನೇಜರಷ್ಟೇ ಅಲ್ಲ, ಬೇರೆ ಅನ್ವಯಗಳೂ ಆ ಕ್ರಿಯೆಯನ್ನು ಬಳಸಬಹುದು.

ಸಾಮಾನ್ಯ ಮಾನಕದ ಪ್ರಯತ್ನ

ಪ್ರತಿ ಫೈಲ್ ಮ್ಯಾನೇಜರಿಗೂ ಬೇರೆ ರೂಪ ಇರುವುದನ್ನು ನಿವಾರಿಸುವ ಗಂಭೀರ ಪ್ರಯತ್ನವೊಂದು ನಡೆದಿದೆ. ನಾಟಿಲಸ್-ಆಕ್ಷನ್ಸ್ ಎಂಬುದು ಷರತ್ತುಗಳ ಸಹಿತ ಕ್ರಿಯೆಗಳನ್ನು ಕಿಟಕಿಯಲ್ಲೇ ರಚಿಸಲು ನೆರವಾಗುತ್ತಿದ್ದ ತಂತ್ರಾಂಶ. ಅದನ್ನು ಬೆಳೆಸಿದವರು ಡಿಇಎಸ್-ಇಎಂಎ ಎಂಬ ಕರಡು ಮಾನಕವನ್ನೂ ರೂಪಿಸಿದರು. ಫ್ರೀಡೆಸ್ಕ್‌ಟಾಪ್ ಸಂಘಟನೆಯ ಡೆಸ್ಕ್‌ಟಾಪ್ ಕಡತದ ಮಾನಕಕ್ಕೆ ಮೆನು ಮತ್ತು ಕ್ರಿಯೆಗಳ ವಿಸ್ತರಣೆ ಎಂಬುದು ಅದರ ಆಶಯ. ಕಡತಗಳ ಜಾಗ ಯಾವ ಫೈಲ್ ಮ್ಯಾನೇಜರಿನ ಹೆಸರನ್ನೂ ಹೊರದ .ಲೋಕಲ್/ಶೇರ್/ಫೈಲ್-ಮ್ಯಾನೇಜರ್/ಆಕ್ಷನ್ಸ್.

ಈ ಕರಡು ಉಳಿದೆಲ್ಲ ರೂಪಗಳಿಗಿಂತ ವಿಸ್ತಾರವಾದದ್ದು. ಒಂದು ಕ್ರಿಯೆಗೆ ಹಲವು ಪ್ರೊಫೈಲ್‌ಗಳಿರಬಹುದು. ಅಂದರೆ ‘ಕುಗ್ಗಿಸು’ ಎಂಬ ಒಂದೇ ಸಾಲು ಚಿತ್ರಕ್ಕೆ ಒಂದು ಕಮಾಂಡನ್ನೂ ಪಿಡಿಎಫ್‌ಗೆ ಇನ್ನೊಂದನ್ನೂ ಓಡಿಸಬಹುದು. ಕಡತ ತಮ್ಮದೇ, ಬರೆಯಲು ಅನುಮತಿ ಇದೆಯೇ ಎಂಬ ಷರತ್ತುಗಳಿವೆ. ಒಂದು ತಂತ್ರಾಂಶ ಓಡುತ್ತಿದ್ದರೆ ಮಾತ್ರ ತೋರಿಸು ಎನ್ನಬಹುದು. ಕಮಾಂಡನ್ನು ಮೌನವಾಗಿ ಓಡಿಸುವುದು, ಟರ್ಮಿನಲ್ಲಿನಲ್ಲಿ ಓಡಿಸುವುದು, ಅದರ ಉತ್ತರವನ್ನು ಕಿಟಕಿಯಲ್ಲಿ ತೋರಿಸುವುದು ಎಂಬ ಆಯ್ಕೆಗಳಿವೆ. ಎಲ್‌ಎಕ್ಸ್‌ಡಿಇ ಪರಿಸರದ ಪಿಸಿಮ್ಯಾನ್‌ಎಫ್‌ಎಂ, ಎಲ್‌ಎಕ್ಸ್‌ಕ್ಯೂಟಿಯ ಪಿಸಿಮ್ಯಾನ್‌ಎಫ್‌ಎಂ-ಕ್ಯೂಟಿ ಇದನ್ನು ಅಳವಡಿಸಿಕೊಂಡವು. ಮುಂದೆ ನಾಟಿಲಸ್-ಆಕ್ಷನ್ಸ್ ತನ್ನ ಹೆಸರನ್ನು ಫೈಲ್‌ಮ್ಯಾನೇಜರ್-ಆಕ್ಷನ್ಸ್ ಎಂದು ಬದಲಿಸಿಕೊಂಡು ನೆಮೊ, ಕಾಹಾಗಳಿಗೂ ವಿಸ್ತರಿಸಿತು. ಡಾಲ್ಫಿನ್ ಮತ್ತು ಥುನಾರ್ ತಮ್ಮ ಹಳೆಯ ದಾರಿಯಲ್ಲೇ ಉಳಿದದ್ದರಿಂದ ಕರಡು ಎಲ್ಲರ ಮಾನಕವಾಗಲಿಲ್ಲ.

ಹೆಸರುಗಳನ್ನು ಒಪ್ಪಿಸುವಾಗಿನ ತೊಡಕುಗಳು

ಬಳಕೆದಾರ ಕ್ರಿಯೆಗಳು ಕೆಡುವುದು ಹೆಚ್ಚಾಗಿ ಕಡತದ ಹೆಸರುಗಳಿಂದ. ಲಿನಕ್ಸಿನಲ್ಲಿ ಓರೆಗೆರೆ ಮತ್ತು ಶೂನ್ಯ ಬೈಟ್ ಬಿಟ್ಟು ಉಳಿದ ಯಾವ ಚಿಹ್ನೆಯೂ ಹೆಸರಿನಲ್ಲಿರಬಹುದು. ಖಾಲಿ ಜಾಗವಿರುವ ಹೆಸರನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಶೆಲ್ ಅದನ್ನು ಎರಡು ಕಡತಗಳೆಂದು ಓದುತ್ತದೆ. ಬ್ಯಾಷ್ ಸ್ಕ್ರಿಪ್ಟಿನಲ್ಲಿ ಆರ್ಗ್ಯುಮೆಂಟ್‌ಗಳ ಪಟ್ಟಿಯನ್ನು ಸೂಚಿಸುವ ಡಾಲರ್-ಆ್ಯಟ್ ಚಿಹ್ನೆಯನ್ನು ಜೋಡಿ ಉದ್ಧರಣದೊಳಗೆ ಬರೆಯುವುದು ಇದಕ್ಕೆ ಸರಿಯಾದ ಪರಿಹಾರ. ಥುನಾರ್ ಸ್ಥಾನಸೂಚಿಗಳ ಜಾಗದಲ್ಲಿ ಹೆಸರು ಕೂರಿಸುವಾಗ ತಾನೇ ಉದ್ಧರಣ ಸೇರಿಸುತ್ತದೆ. ನೆಮೊದಲ್ಲಿ ಕ್ವೋಟ್ ಎಂಬ ಕೀಲಿಪದದಿಂದ ಅದನ್ನು ಗೊತ್ತುಮಾಡಬಹುದು. ಅಡ್ಡಗೆರೆಯಿಂದ ಆರಂಭವಾಗುವ ಹೆಸರನ್ನು ಕಮಾಂಡುಗಳು ಆಯ್ಕೆಯೆಂದು ತಿಳಿಯುತ್ತವೆ. ಹೆಸರುಗಳಿಗೆ ಮುಂಚೆ ಎರಡು ಅಡ್ಡಗೆರೆ ಬರೆದರೆ ಬಹುತೇಕ ಕಮಾಂಡುಗಳಲ್ಲಿ ಅದು ತಪ್ಪುತ್ತದೆ. ಸಾಲು ಮುರಿಯುವ ಚಿಹ್ನೆಯೂ ಹೆಸರಿನಲ್ಲಿ ಇರಬಹುದಾದ್ದರಿಂದ ನಾಟಿಲಸ್‌ನ ಸಾಲಿಗೊಂದರ ಪಟ್ಟಿ ಪೂರ್ತಿ ಭದ್ರವಲ್ಲ.

ಇನ್ನೊಂದು ಮಿತಿ ಗಾತ್ರದ್ದು. ಲಿನಕ್ಸ್ ಕರ್ನಲ್ ಹೊಸ ಪ್ರಕ್ರಿಯೆಗೆ ಕೊಡುವ ಒಂದೊಂದು ಆರ್ಗ್ಯುಮೆಂಟ್ ಅಥವಾ ವೇರಿಯಬಲ್, ಸಾಮಾನ್ಯ ಗಣಕಗಳಲ್ಲಿ, 128 ಕಿಲೊಬೈಟ್ ಮೀರುವಂತಿಲ್ಲ. ನಾಟಿಲಸ್ ಇಡೀ ಪಟ್ಟಿಯನ್ನು ಒಂದೇ ವೇರಿಯಬಲ್‌ನಲ್ಲಿ ತುಂಬುತ್ತದೆ. ಪ್ರತಿ ವಿಳಾಸ 100 ಬೈಟ್ ಎಂದುಕೊಂಡರೆ ಸುಮಾರು 1,300 ಕಡತಗಳಿಗೆ ಮಿತಿ ಮುಟ್ಟುತ್ತದೆ. ಕಡತಗಳನ್ನು ಒಂದೊಂದಾಗಿ ಆಯ್ದುಕೊಳ್ಳುವ ಬದಲು ಫೋಲ್ಡರನ್ನೇ ಆಯ್ದು, ಒಳಗಿನವನ್ನು ಸ್ಕ್ರಿಪ್ಟೇ ಹುಡುಕುವಂತೆ ಬರೆಯುವುದು ದೊಡ್ಡ ಸಂಗ್ರಹಗಳಿಗೆ ತಕ್ಕ ವಿಧಾನ.

ಮೌನ ವೈಫಲ್ಯ ಮೂರನೆಯ ತೊಡಕು. ಮೆನುವಿನಿಂದ ಓಡಿದ ಕಮಾಂಡಿಗೆ ಟರ್ಮಿನಲ್ ಇರುವುದಿಲ್ಲ, ದೋಷ ಸಂದೇಶ ಎಲ್ಲೂ ಕಾಣುವುದಿಲ್ಲ. ಆದ್ದರಿಂದ ಸ್ಕ್ರಿಪ್ಟನ್ನು ಮೊದಲು ಟರ್ಮಿನಲ್ಲಿನಲ್ಲಿ ಓಡಿಸಿ ನೋಡಿ ಬಳಿಕ ಮೆನುವಿಗೆ ಸೇರಿಸುವುದು ರೂಢಿ. ಬಳಕೆದಾರರನ್ನು ಕೇಳಬೇಕಾದ, ತಿಳಿಸಬೇಕಾದ ವಿಷಯಗಳಿಗೆ ಗ್ನೋಮ್ ಬಳಗದಲ್ಲಿ ಝೆನಿಟಿ, ಕೆಡಿಇಯಲ್ಲಿ ಕೆಡೈಲಾಗ್ ಎಂಬ ಪುಟ್ಟ ಕಿಟಕಿಗಳ ಕಮಾಂಡುಗಳಿವೆ. ಕೆಲಸ ಮುಗಿದ ಸೂಚನೆಗೆ ನೋಟಿಫೈ-ಸೆಂಡ್ ಸಾಕು.

ಉಪಯೋಗಗಳು

ಅತಿ ಹೆಚ್ಚು ಬಳಕೆ ಚಿತ್ರ, ದಸ್ತಾವೇಜುಗಳ ರೂಪಾಂತರದಲ್ಲಿ. ಚಿತ್ರಗಳಿಗೆ ಇಮೇಜ್‌ಮ್ಯಾಜಿಕ್, ಧ್ವನಿ ಮತ್ತು ವಿಡಿಯೊಗೆ ಎಫ್‌ಎಫ್‌ಎಂಪೆಗ್, ಪಿಡಿಎಫ್ ಜೋಡಿಸಲು ಪಾಪ್ಲರ್ ಸಂಗ್ರಹದ ಪಿಡಿಎಫ್‌ಯುನೈಟ್, ಗಾತ್ರ ಇಳಿಸಲು ಘೋಸ್ಟ್‌ಸ್ಕ್ರಿಪ್ಟ್. ಲಿಬ್ರೆಆಫೀಸ್ ಅನ್ನು ಹೆಡ್‌ಲೆಸ್ ಆಯ್ಕೆಯೊಡನೆ ಓಡಿಸಿದರೆ ಕಿಟಕಿ ತೆರೆಯದೆಯೇ ದಸ್ತಾವೇಜನ್ನು ಪಿಡಿಎಫ್ ಮಾಡಿ ಕೊಡುತ್ತದೆ. ಇಮೇಜ್‌ಮ್ಯಾಜಿಕ್‌ನ ಏಳನೆಯ ಆವೃತ್ತಿಯಿಂದ ಅದರ ಮುಖ್ಯ ಕಮಾಂಡಿನ ಹೆಸರು ಕನ್ವರ್ಟ್ ಬದಲು ಮ್ಯಾಜಿಕ್ ಆಗಿರುವುದರಿಂದ ಹಳೆಯ ಕ್ರಿಯೆಗಳನ್ನು ತಿದ್ದಬೇಕಾಗುತ್ತದೆ.

ಎಸ್‌ಎಚ್‌ಎ256 ಮೊತ್ತ ತೆಗೆದು ತಾಳೆ ನೋಡುವುದು, ಕಡತದ ವಿಳಾಸವನ್ನು ಕ್ಲಿಪ್‌ಬೋರ್ಡಿಗೆ ನಕಲು ಮಾಡುವುದು, ಎರಡು ಕಡತಗಳನ್ನು ಮೆಲ್ಡ್‌ನಲ್ಲಿ ಹೋಲಿಸುವುದು, ಫೋಲ್ಡರನ್ನು ಕೋಡ್ ಸಂಪಾದಕದಲ್ಲಿ ತೆರೆಯುವುದು, ಇನ್ನೊಂದು ಗಣಕಕ್ಕೆ ಆರ್‌ಸಿಂಕ್ ಮೂಲಕ ಕಳುಹಿಸುವುದು ಇತರ ಸಾಮಾನ್ಯ ಉಪಯೋಗಗಳು. ಟರ್ಮಿನಲ್ ಬಾರದವರೊಬ್ಬರ ಗಣಕದಲ್ಲಿ ತಿಳಿದವರೊಬ್ಬರು ಒಮ್ಮೆ ಇಂಥ ಕ್ರಿಯೆ ಬರೆದಿಟ್ಟರೆ ಮುಂದೆ ಅವರಿಗೆ ಯಾರ ಸಹಾಯವೂ ಬೇಡ. ಶಾಲೆ, ಗ್ರಂಥಾಲಯ, ಸಣ್ಣ ಕಚೇರಿಗಳಲ್ಲಿ ಈ ಸೌಲಭ್ಯದ ನಿಜವಾದ ಬೆಲೆ ಇರುವುದು ಇಲ್ಲೇ.

ಕನ್ನಡದಲ್ಲಿ ಬಳಕೆ

ಡೆಸ್ಕ್‌ಟಾಪ್ ಮತ್ತು ನೆಮೊ_ಆಕ್ಷನ್ ಕಡತಗಳಲ್ಲಿ ನೇಮ್ ಎಂಬ ಕೀಲಿಪದದ ಮುಂದೆ ಚೌಕಾವರಣದಲ್ಲಿ ಕನ್ನಡದ ಭಾಷಾಸಂಕೇತವಾದ ಕೆಎನ್ ಬರೆದು ಇನ್ನೊಂದು ಸಾಲು ಸೇರಿಸಿದರೆ, ಗಣಕದ ಭಾಷೆ ಕನ್ನಡವಾಗಿದ್ದಾಗ ಆ ಹೆಸರೇ ಮೆನುವಿನಲ್ಲಿ ಕಾಣುತ್ತದೆ. ನಾಟಿಲಸ್ ಸ್ಕ್ರಿಪ್ಟಿಗೆ ಅಷ್ಟೂ ಬೇಡ; ಸ್ಕ್ರಿಪ್ಟಿನ ಕಡತಕ್ಕೇ ಕನ್ನಡದಲ್ಲಿ ಹೆಸರಿಟ್ಟರಾಯಿತು.

ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೂ 3 ಬೈಟ್ ಬೇಕು. ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಅಂದರೆ ಸ್ವರಚಿಹ್ನೆ, ವಿರಾಮಗಳನ್ನೂ ಎಣಿಸಿ 85 ಸಂಕೇತಗಳಷ್ಟೇ ಹಿಡಿಯುತ್ತವೆ. ಹೆಸರಿನ ಹಿಂದೆ ದಿನಾಂಕವನ್ನೋ ವಿವರವನ್ನೋ ಸೇರಿಸುವ ಕ್ರಿಯೆ ಇಂಗ್ಲಿಷ್ ಹೆಸರುಗಳಲ್ಲಿ ಸರಿಯಾಗಿ ನಡೆದು ಉದ್ದನೆಯ ಕನ್ನಡ ಹೆಸರುಗಳಲ್ಲಿ ಸೋಲುವುದಕ್ಕೆ ಇದು ಕಾರಣ. ಯುಆರ್‌ಐ ರೂಪದಲ್ಲಿ ಪ್ರತಿ ಬೈಟೂ ಶೇಕಡಾ ಗುರುತು ಸೇರಿ ಮೂರು ಚಿಹ್ನೆಗಳಾಗುತ್ತದೆ. ‘ಕನ್ನಡ’ ಎಂಬ ಹೆಸರಿನಲ್ಲಿ 5 ಸಂಕೇತ, 15 ಬೈಟ್. ಯುಆರ್‌ಐಯಲ್ಲಿ 45 ಚಿಹ್ನೆ. ಕನ್ನಡ ಹೆಸರಿನ ಕಡತಗಳಿಗೆ ಯುಆರ್‌ಐ ಪಟ್ಟಿಯ ಬದಲು ವಿಳಾಸಗಳ ಪಟ್ಟಿಯನ್ನೇ ಬಳಸುವುದು ಒಳ್ಳೆಯದು.

ಮುದ್ರಿತ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಟೆಸೆರಾಕ್ಟ್ ತಂತ್ರಾಂಶಕ್ಕೆ ಕನ್ನಡದ ದತ್ತಾಂಶವಿದೆ. ಅಲ್ಲಿ ಭಾಷಾಸಂಕೇತ ಎರಡಕ್ಷರದ ಕೆಎನ್ ಅಲ್ಲ, ಮೂರಕ್ಷರದ ಕೆಎಎನ್. ಕನ್ನಡ, ಇಂಗ್ಲಿಷ್ ಬೆರೆತ ಪುಟಗಳಿಗೆ ಎರಡೂ ಸಂಕೇತಗಳನ್ನು ಕೂಡಿಸುವ ಚಿಹ್ನೆಯೊಡನೆ ಬರೆಯಬಹುದು. ಚಿತ್ರಗಳಿಗೆ ಮಾತ್ರ ಕಾಣುವಂತೆ ಮೈಮ್ ಷರತ್ತು ಹಾಕಿ ಇದನ್ನು ಕ್ರಿಯೆಯಾಗಿಸಿದರೆ, ಸ್ಕ್ಯಾನ್ ಮಾಡಿದ ಪುಟಗಳ ಫೋಲ್ಡರಿನಲ್ಲೇ ಪಠ್ಯ ಕಡತಗಳು ಸಿದ್ಧವಾಗುತ್ತವೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರವಿನ್ಯಾಸದಲ್ಲಿರುವ ಪಠ್ಯವನ್ನು ಯುನಿಕೋಡಿಗೆ ತರುವ ಕಮಾಂಡ್ ಗಣಕದಲ್ಲಿದ್ದರೆ ಅದನ್ನೂ ಹೀಗೆಯೇ ಜೋಡಿಸಬಹುದು.

ಸುರಕ್ಷತೆ

ಬಳಕೆದಾರ ಕ್ರಿಯೆಯು ಬಳಕೆದಾರರ ಪೂರ್ಣ ಅಧಿಕಾರದಲ್ಲಿ ಓಡುತ್ತದೆ. ಅವರು ಓದಬಲ್ಲ, ಅಳಿಸಬಲ್ಲ ಕಡತಗಳನ್ನೆಲ್ಲ ಅದೂ ಓದಬಲ್ಲದು, ಅಳಿಸಬಲ್ಲದು. ಇತರರಿಂದ ಇಳಿಸಿಕೊಂಡ ಕ್ರಿಯೆಯನ್ನು ಪಠ್ಯ ಸಂಪಾದಕದಲ್ಲಿ ತೆರೆದು ಓದಿದ ಮೇಲಷ್ಟೇ ಚಾಲನಾ ಅನುಮತಿ ಕೊಡಬೇಕು. ಕಡತದ ಹೆಸರನ್ನು ಶೆಲ್‌ಗೆ ಕಮಾಂಡಿನ ಭಾಗವಾಗಿ ಅಂಟಿಸುವ ಸ್ಕ್ರಿಪ್ಟ್ ಇನ್ನಷ್ಟು ಅಪಾಯಕಾರಿ. ಹೆಸರಿನಲ್ಲೇ ಕಮಾಂಡ್ ಅಡಗಿಸಿದ ಕಡತವೊಂದು ಬಂದರೆ ಅದು ಓಡಿಬಿಡುತ್ತದೆ.

ಸಂರಚನಾ ಕಡತಗಳೇ ದಾಳಿಯ ದಾರಿಯಾಗಬಹುದೆಂಬುದು 2019ರ ಆಗಸ್ಟಿನಲ್ಲಿ ಕೆಡಿಇಯಲ್ಲಿ ಕಂಡುಬಂತು. ಡೆಸ್ಕ್‌ಟಾಪ್ ಕಡತದ ಚಿತ್ರಸಂಕೇತದ ಸಾಲಿನಲ್ಲಿ ಶೆಲ್ ಕಮಾಂಡ್ ಬರೆದಿದ್ದರೆ, ಆ ಕಡತವಿರುವ ಫೋಲ್ಡರನ್ನು ತೆರೆದು ನೋಡಿದರೇ ಸಾಕು, ಕಮಾಂಡ್ ಓಡುತ್ತಿತ್ತು. ಸಂರಚನಾ ಕಡತಗಳಿಂದ ಶೆಲ್ ಕಮಾಂಡ್ ಓಡಿಸುವ ಆ ಸೌಲಭ್ಯವನ್ನೇ ಕೆಡಿಇ ತಂಡ ತೆಗೆದುಹಾಕಿತು.

ಮೇಲ್ವಿಚಾರಕರ ಅಧಿಕಾರ ಬೇಕಾದ ಕ್ರಿಯೆಗಳಿಗೆ ಮೊದಲು ಜಿಕೆಸು ಎಂಬ ಕಮಾಂಡ್ ಬಳಸುವ ವಾಡಿಕೆಯಿತ್ತು. ಡೆಬಿಯನ್ 2018ರಲ್ಲಿ ಅದನ್ನು ಕೈಬಿಟ್ಟಿತು. ಈಗ ಪೋಲ್ಕಿಟ್‌ನ ಪಿಕೆಎಕ್ಸೆಕ್ ಬಳಕೆಯಲ್ಲಿದೆ. ಇಡೀ ಫೈಲ್ ಮ್ಯಾನೇಜರನ್ನು ಮೇಲ್ವಿಚಾರಕರಾಗಿ ತೆರೆಯುವುದಕ್ಕಿಂತ ಒಂದು ಕಮಾಂಡಿಗೆ ಮಾತ್ರ ಆ ಅಧಿಕಾರ ಕೊಡುವುದು ಕಡಿಮೆ ಅಪಾಯದ ದಾರಿ.

ಇಂದಿನ ಸ್ಥಿತಿ

2022ರ ಸೆಪ್ಟೆಂಬರಿನ ಗ್ನೋಮ್ 43ರಲ್ಲಿ ನಾಟಿಲಸ್ ಕಿಟಕಿ, ಗುಂಡಿಗಳನ್ನು ರಚಿಸುವ ತಂತ್ರಾಂಶ ಸಂಗ್ರಹವಾದ ಜಿಟಿಕೆಯ 4ನೆಯ ಆವೃತ್ತಿಗೆ ಬದಲಾಯಿತು. ವಿಸ್ತರಣೆಗಳೊಂದಿಗಿನ ಅದರ ಒಪ್ಪಂದವೂ ಬದಲಾಯಿತು. ಮೆನುವಿನ ಸಾಲುಗಳನ್ನು ಕೇಳುವ ಮೆಥಡ್‌ಗಳಿಗೆ ಮೊದಲು ಸಿಗುತ್ತಿದ್ದ ಕಿಟಕಿಯ ಆರ್ಗ್ಯುಮೆಂಟ್ ಇಲ್ಲವಾಯಿತು. ಹಳೆಯ ಪೈಥಾನ್ ವಿಸ್ತರಣೆಗಳನ್ನು ತಿದ್ದಬೇಕಾಯಿತು. ಫೈಲ್‌ಮ್ಯಾನೇಜರ್-ಆಕ್ಷನ್ಸ್ ಹೊಸ ನಾಟಿಲಸ್‌ನಲ್ಲಿ ಕೆಲಸ ಮಾಡದೆ ಹೋಯಿತು, ಅದರ ಬೆಳವಣಿಗೆಯೂ ನಿಂತಿದೆ. ಸ್ಕ್ರಿಪ್ಟ್ಸ್ ಫೋಲ್ಡರಿನ ವಿಧಾನ ಮಾತ್ರ ಈ ಬದಲಾವಣೆಯಲ್ಲೂ ಹಾಗೆಯೇ ನಡೆಯುತ್ತಿದೆ.

ನೆಮೊದಲ್ಲಿ ಕ್ರಿಯೆಗಳಿಗೆ ಹೊಸ ಒತ್ತು ಸಿಕ್ಕಿದೆ. 2024ರ ಜನವರಿಯ ಲಿನಕ್ಸ್ ಮಿಂಟ್ 21.3ರಿಂದ ಇತರರು ಬರೆದ ಆಕ್ಷನ್‌ಗಳನ್ನು ಮಿಂಟ್‌ನ ಸಿನಮನ್ ಪರಿಸರದ ಸ್ಪೈಸಸ್ ಸಂಗ್ರಹದಿಂದ ನೇರವಾಗಿ ಇಳಿಸಿಕೊಳ್ಳಬಹುದು. ಅದೇ ವರ್ಷದ ಮಿಂಟ್ 22ರಲ್ಲಿ ಅವುಗಳ ಕ್ರಮ ಬದಲಿಸಲು, ಉಪಮೆನುಗಳಲ್ಲಿ ಗುಂಪುಗೂಡಿಸಲು ಒಂದು ಸಂಘಟಕ ಕಿಟಕಿ ಬಂತು. ಥುನಾರ್ ಕೂಡ ಇತ್ತೀಚಿನ ಆವೃತ್ತಿಗಳಲ್ಲಿ ಉಪಮೆನುಗಳಿಗೆ ಅವಕಾಶ ಮಾಡಿದೆ. ಕೆಡಿಇಯ ಆರನೆಯ ಪೀಳಿಗೆ 2024ರ ಫೆಬ್ರವರಿಯಲ್ಲಿ ಹೊರಬಂದ ಮೇಲೂ ಸರ್ವಿಸ್ ಮೆನುಗಳ ಮೂಲ ರಚನೆ ಉಳಿದಿದೆ.

ಪರದೆಯ ವ್ಯವಸ್ಥೆ ಎಕ್ಸ್11ರಿಂದ ವೇಲ್ಯಾಂಡ್‌ಗೆ ಸರಿಯುತ್ತಿರುವುದು ಕೆಲವು ಕ್ರಿಯೆಗಳನ್ನು ತಟ್ಟಿದೆ. ವಿಳಾಸವನ್ನು ಕ್ಲಿಪ್‌ಬೋರ್ಡಿಗೆ ಕಳುಹಿಸಲು ಎಕ್ಸ್‌ಕ್ಲಿಪ್ ಬಳಸಿದ ಸ್ಕ್ರಿಪ್ಟ್‌ಗಳಲ್ಲಿ ಅದರ ಬದಲು ಡಬ್ಲ್ಯೂಎಲ್-ಕಾಪಿ ಬರೆಯಬೇಕಾಗುತ್ತದೆ. ಬೇರೆ ಕಿಟಕಿಗೆ ಕೀಲಿಗಳನ್ನು ಒತ್ತಿಸಲು ಎಕ್ಸ್‌ಡೂಟೂಲ್ ನಂಬಿದ್ದ ಕ್ರಿಯೆಗಳು ವೇಲ್ಯಾಂಡ್‌ನ ಕಿಟಕಿಗಳಲ್ಲಿ ನಡೆಯುವುದಿಲ್ಲ. ಕಡತದ ವಿಳಾಸ ಪಡೆದು ಇನ್ನೊಂದು ಕಡತ ಬರೆಯುವಷ್ಟಕ್ಕೇ ಸೀಮಿತವಾದ ಸ್ಕ್ರಿಪ್ಟ್‌ಗಳಿಗೆ ಯಾವ ತಿದ್ದುಪಡಿಯೂ ಬೇಕಾಗಿಲ್ಲ.